ಬೆಣ್ಣೆ ಅಳೆದ ರಸ್ತೆ

ರಸ್ತೆ ಸಂಶೋಧನಾ ಕೇಂದ್ರದಲ್ಲಿ ಅವನನ್ನು ಎಲ್ಲರೂ ಬೆಣ್ಣೆ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನು ವ್ಯಾನು ಓಡಿಸಿದರೆ ಹಿಂದೆ ಕೂತವರ ಕೈಯ ತುಂಬಿದ ಲೋಟ ತುಳುಕುತ್ತಿರಲಿಲ್ಲ. ನಿರ್ದೇಶಕರು ಹಲ್ಲು ಕೀಳಿಸಿಕೊಂಡು ಬರುವ ದಿನ ತಮ್ಮ ಕಾರನ್ನೂ ಅದರ ಚಾಲಕನನ್ನೂ ಬಿಟ್ಟು ಇವನನ್ನು ಕರೆಸಿಕೊಂಡಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನ ಬಾಯಿಂದ ಬಂದ ಜಂಬದ ಮಾತು ಒಂದೇ: "ನನ್ನ ಗಾಡೀಲಿ ಕೂತವರಿಗೆ ನಿದ್ದೆ ಬರ್ಬೇಕು, ಬೆನ್ನುನೋವಲ್ಲ."

ವ್ಯಾನಿನ ಕೆಲಸ ರಸ್ತೆಯ ಏರುಪೇರು ಅಳೆಯುವುದು. ಹಿಂದಿನ ಚಕ್ರಗಳ ಅಚ್ಚಿಗೆ ಒಂದು ಪೆಟ್ಟಿಗೆ ಕಟ್ಟಿತ್ತು. ಚಕ್ರ ಎಷ್ಟು ಸಲ ಕುಣಿಯಿತು, ಎಷ್ಟೆತ್ತರ ಕುಣಿಯಿತು ಎಂಬುದನ್ನೆಲ್ಲ ಅದು ಕೂಡಿಸಿ ಕಿಲೋಮೀಟರಿಗೆ ಇಷ್ಟು ಮೀಟರು ಎಂದು ಲೆಕ್ಕ ಒಪ್ಪಿಸುತ್ತಿತ್ತು. ಎರಡರ ಆಸುಪಾಸು ಬಂದರೆ ರಸ್ತೆ ಉತ್ತಮ. ಐದು ದಾಟಿದರೆ ಅಗೆದು ಹೊಸದು ಹಾಕಬೇಕು. ಬೆಳಗಿನ ಆರು ಗಂಟೆಗೆ, ರಸ್ತೆ ಖಾಲಿ ಇರುವಾಗ, ಐವತ್ತರ ವೇಗದಲ್ಲಿ, ಪ್ರತಿ ರಸ್ತೆಗೂ ಮೂರು ಓಟ. ಹಿಂದಿನ ಸೀಟಿನಲ್ಲಿ ಪರದೆ ನೋಡುತ್ತ ಕೂರುವವರು ಡಾಕ್ಟರಮ್ಮ. ಅವರು ಯಾರಿಗೂ ಸೂಜಿ ಚುಚ್ಚಿದವರಲ್ಲ. ರಸ್ತೆಯ ಉಬ್ಬುತಗ್ಗುಗಳ ಮೇಲೆ ನಾನ್ನೂರು ಪುಟ ಬರೆದು ಡಾಕ್ಟರ್ ಆದವರು. ಅಡ್ಡಹೆಸರಿಗೂ ಗೌರವ ಸೇರಿಸಿ "ಬೆಣ್ಣೆಯವರೇ" ಎಂದು ಕರೆಯುವ ಸ್ವಭಾವ.

ಈ ಇಬ್ಬರ ಅಂಕಿಗಳಿಗೆ ದೊಡ್ಡ ಹೆಸರಿತ್ತು. ಬೇರೆ ಕೇಂದ್ರಗಳಲ್ಲಿ ಒಂದೇ ರಸ್ತೆಯ ಮೂರು ಓಟಗಳು ಮೂರು ದಿಕ್ಕಿಗೆ ಹೋಗುತ್ತಿದ್ದರೆ ಇಲ್ಲಿ ಮೂರೂ ಒಂದೇ ತಾಯಿಯ ಮಕ್ಕಳಂತೆ ಹೋಲುತ್ತಿದ್ದವು. ಡಾಕ್ಟರಮ್ಮ ಅದರ ಮೇಲೊಂದು ಪ್ರಬಂಧ ಬರೆದು, ಯಂತ್ರವನ್ನು ಬಹಳವಾಗಿ ಹೊಗಳಿದ್ದರು.

ಬೆಣ್ಣೆಯ ಅಕ್ಕ ಸಿಟಿ ಬಸ್ಸಿನ ಕಂಡಕ್ಟರು. ತಮ್ಮನ ಮನೆಯ ಮೇಲಿನ ಮಹಡಿಯಲ್ಲೇ ಅವಳ ವಾಸ. ಹದಿನೇಳು ವರ್ಷದಿಂದ ಆಸ್ಪತ್ರೆ ರಸ್ತೆಯ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಟ್ಟು ಅವಳ ಸೊಂಟದ ಮೂಳೆಗಳ ನಡುವಿನ ಬಿಲ್ಲೆಗಳು ಸವೆದಿದ್ದವು. ಇನ್ನೊಂದು ವರ್ಷ ಹೀಗೇ ಕುಲುಕಿದರೆ ಬಸ್ಸು ಬಿಟ್ಟು ಪಾಸು ಕೊಡುವ ಕಿಟಕಿಯ ಹಿಂದೆ ಕೂರಬೇಕಾಗುತ್ತದೆ ಎಂದು ಮೂಳೆ ವೈದ್ಯರು ಹೇಳಿದ್ದರು. ಅವಳಿಗೆ ಅದು ಜೀವಂತ ಸಮಾಧಿ. ದಿನಕ್ಕೆ ಆರು ನೂರು ಜನರ ಜೊತೆ ಜಗಳವಾಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಸೋಮವಾರ ಡಿಪೋ ಗೋಡೆಗೆ ರಿಪೇರಿಯಾಗುವ ರಸ್ತೆಗಳ ಪಟ್ಟಿ ಅಂಟಿಸಿದ್ದರು. ಆಸ್ಪತ್ರೆ ರಸ್ತೆ ಅದರಲ್ಲಿರಲಿಲ್ಲ. ಕೆಳಗೆ, ಬಿಟ್ಟುಹೋದ ರಸ್ತೆಗಳ ಸಾಲಿನಲ್ಲಿ, ಅದರ ಮುಂದೆ ಬರೆದಿತ್ತು: "ಸ್ಥಿತಿ ಉತ್ತಮ, 2.4." ಆಕ್ಷೇಪಣೆಗೆ ಶುಕ್ರವಾರ ಕೊನೆಯ ದಿನ.

"ಉತ್ತಮ ಅಂತೆ! ಯಾವ ಪುಣ್ಯಾತ್ಮನೋ ಅಳೆದವನು," ಎಂದಳು ಅಕ್ಕ, ಅವನ ಅಡುಗೆಮನೆಗೆ ನುಗ್ಗುತ್ತಲೇ. "ಗಾಡಿ ಓಡಿಸ್ತಾ ನಿದ್ದೆ ಮಾಡ್ತಿದ್ದೆಯೇನೋ?"

"ಅಳೆದಿದ್ದು ನಾನಲ್ಲ, ಯಂತ್ರ. ಯಂತ್ರ ಸುಳ್ಳು ಹೇಳಲ್ಲ ಅಕ್ಕ."

"ಹಾಗಾದ್ರೆ ನನ್ನ ಸೊಂಟ ಸುಳ್ಳು ಹೇಳ್ತಿದೆ. ಅದಕ್ಕೂ ಒಂದು ಪೆಟ್ಟಿಗೆ ಕಟ್ಟು."

ಅವನ ಹೆಂಡತಿ ಒಲೆಯ ಕಡೆ ತಿರುಗಿಕೊಂಡು ನಕ್ಕಳು. ಈ ಮನೆಯಲ್ಲಿ ಅತ್ತಿಗೆ-ನಾದಿನಿಯರ ಪಕ್ಷ ಯಾವಾಗಲೂ ಒಂದೇ.

ಮರುದಿನ ಮಧ್ಯಾಹ್ನ ಅಕ್ಕನಿಗೆ ಪಾಳಿ. ಬೆಣ್ಣೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಿಪೋಗೆ ಬಿಡಲು ಹೊರಟ, ಆಸ್ಪತ್ರೆ ರಸ್ತೆಯಲ್ಲೇ. ಅರ್ಧ ದಾರಿಯಲ್ಲಿ ಅವಳು ಅವನ ಬೆನ್ನು ತಟ್ಟಿದಳು.

"ಒಂದು ಮಾತು ಹೇಳ್ಲಾ? ನಿನ್ನ ಹಿಂದೆ ಕೂತ್ರೆ ನಂಗೂ ಈ ರಸ್ತೆ ಉತ್ತಮ ಅನ್ಸತ್ತೆ ನೋಡು."

ಅವಳು ತಮಾಷೆಗೆ ಅಂದದ್ದು. ಬೆಣ್ಣೆ ಮಾತ್ರ ತನ್ನ ಕೈಗಳನ್ನು ನೋಡಿದ. ಔಷಧಿ ಅಂಗಡಿಯ ಮುಂದಿನ ಗುಂಡಿಗೆ ನಾಲ್ಕು ಮಾರು ಮೊದಲೇ ಹ್ಯಾಂಡಲ್ಲು ಎಡಕ್ಕೆ ವಾಲಿತು. ಯಾರೂ ವಾಲಿಸಿರಲಿಲ್ಲ, ಅದೇ ವಾಲಿತು. ಆಮೇಲೆ ಮ್ಯಾನ್‌ಹೋಲ್ ಮುಚ್ಚಳಕ್ಕೆ ಬಲಕ್ಕೆ. ಆಮೇಲೆ ಶಾಲೆಯ ಗೇಟಿನ ಮುಂದೆ ಮತ್ತೆ ಎಡಕ್ಕೆ. ಬೆಳಗಿನ ಆರು ಗಂಟೆಯ ಖಾಲಿ ರಸ್ತೆಯಲ್ಲಿ ವ್ಯಾನಿಗೆ ಹೀಗೆ ವಾಲಲು ಬೇಕಾದಷ್ಟು ಜಾಗ. ಸುತ್ತ ವಾಹನ ತುಂಬಿದ ಬಸ್ಸಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ಯಂತ್ರ ಸುಳ್ಳು ಹೇಳಿರಲಿಲ್ಲ. ಅವನು ತೋರಿಸಿದ ರಸ್ತೆಯನ್ನು ಅದು ಅಳೆದಿತ್ತು, ಅಷ್ಟೆ. ಮೂರು ಓಟದಲ್ಲೂ ಅವವೇ ಗುಂಡಿಗಳನ್ನು ಅದೇ ರೀತಿ ತಪ್ಪಿಸಿದ ಮೇಲೆ ಅಂಕಿ ಹೊಂದಿಕೊಳ್ಳದೆ ಇನ್ನೇನು?

ಬುಧವಾರ ಬೆಳಿಗ್ಗೆ ಅವನು ಡಾಕ್ಟರಮ್ಮನ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅಷ್ಟು ಹೊತ್ತೂ ಅವನ ದೃಷ್ಟಿ ಮೇಜಿನ ಪೇಪರ್‌ವೆಯ್ಟ್ ಮೇಲೆ.

ಡಾಕ್ಟರಮ್ಮ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಚಕ್ರ ನೇರ ಹೋಗ್ಬೇಕು ಅಂತ ನಿಯಮ ಇದೆಯಲ್ಲ, ಬೆಣ್ಣೆಯವರೇ."

"ನೇರ ಹೋಗ್ತಿದ್ದೀನಿ ಅಂತಲೇ ನಾನೂ ಅಂದ್ಕೊಂಡಿದ್ದೆ ಮೇಡಂ."

"ನಾನು ಹಿಂದೆ ಕೂತಿದ್ದೆ. ನಂಗೂ ಗೊತ್ತಾಗ್ಲಿಲ್ಲ." ಅವರು ತಮ್ಮ ಪ್ರಬಂಧವನ್ನು ಎಳೆದುಕೊಂಡು ಪುಟ ತಿರುವುತ್ತ ಕೇಳಿದರು: "ಪ್ರಬಂಧದಲ್ಲಿ ಯಂತ್ರ ಅಂತ ಬರೆದ ಕಡೆಯೆಲ್ಲ ನಿಮ್ಮ ಹೆಸರು ಹಾಕ್ಬೇಕಿತ್ತು, ಅಲ್ವಾ?"

ಬೈಗುಳವೋ ಹೊಗಳಿಕೆಯೋ ತಿಳಿಯದೆ ಬೆಣ್ಣೆ ಎರಡಕ್ಕೂ ಆಗುವಂತೆ ತಲೆಯಾಡಿಸಿದ.

ಗುರುವಾರ ಆರಕ್ಕೆ ಮತ್ತೆ ಆಸ್ಪತ್ರೆ ರಸ್ತೆ. ನೇರವಾಗಿ ಹೋಗುತ್ತೇನೆಂದು ಬೆಣ್ಣೆ ಹಲ್ಲು ಕಚ್ಚಿ ಸ್ಟಿಯರಿಂಗ್ ಹಿಡಿದ. ಓಟ ಮುಗಿದಾಗ ಪರದೆಯ ಮೇಲೆ 2.6 ಬಂದಿತ್ತು.

"ಮತ್ತೆ ತಪ್ಪಿಸಿದ್ರಿ."

"ನಾನೆಲ್ಲಿ ತಪ್ಪಿಸ್ದೆ ಮೇಡಂ? ಕೈ ತಪ್ಪಿಸ್ತು."

ಇನ್ನೊಂದು ಓಟ, 2.5. ಗುಂಡಿ ಬಂದಾಗ ಕಣ್ಣು ಮುಚ್ಚಲೇ ಎಂದು ಕೇಳಿದ, ಡಾಕ್ಟರಮ್ಮ ಬೇಡವೆಂದರು. ಕೊನೆಗೆ ಅವನೇ ಗಾಡಿ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದ. ಅಂದು ಅವಳಿಗೆ ವಾರದ ರಜೆ. ಮನೆಯ ಚಪ್ಪಲಿಯಲ್ಲೇ ಬಂದು, ಸೊಂಟಕ್ಕೆ ದಿಂಬು ಒತ್ತಿಕೊಂಡು, ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು. ಈ ಸೊಂಟ ಇಟ್ಟುಕೊಂಡು ಬೇಡ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. "ದಿನಕ್ಕೆ ಹದಿನಾರು ಸಲ ಪುಕ್ಕಟೆ ಕುಲುಕಿಸ್ಕೊಳ್ತೀನಮ್ಮ. ಇವತ್ತು ಉಪಯೋಗಕ್ಕಾದ್ರೂ ಕುಲುಕ್ತೀನಿ."

ಗಾಡಿ ಐವತ್ತಕ್ಕೆ ಬಂತು.

"ಔಷಧಿ ಅಂಗಡಿ ಬಂತು. ನೇರ, ನೇರ! ಏಯ್, ಎಲ್ಲಿಗೋ ಹೋಗ್ತಿದ್ದೀಯ?" ಅಕ್ಕ ಸ್ಟಿಯರಿಂಗ್ ಮೇಲೆ ಕೈ ಹಾಕಿಯೇಬಿಟ್ಟಳು. ವ್ಯಾನು ಧಡಾರನೆ ಗುಂಡಿಗಿಳಿದು ಎದ್ದಿತು. ಹಿಂದೆ ಡಾಕ್ಟರಮ್ಮನ ಪೆನ್ನು ಎಲ್ಲಿಗೋ ಹಾರಿತು.

"ಅಯ್ಯಯ್ಯೋ," ಎಂದ ಬೆಣ್ಣೆ, ಗಾಡಿಯ ಪರವಾಗಿ.

"ಮುಂದೆ ಮುಚ್ಚಳ. ಅದು ನನ್ನ ಮೂರನೇ ಬಿಲ್ಲೆ ತಿಂದಿದ್ದು. ಬಿಡಬೇಡ ಅದನ್ನ!"

ಮುಚ್ಚಳ. ಶಾಲೆ ಗೇಟು. ಪೈಪು ಹಾಕಿ ಅರ್ಧಂಬರ್ಧ ಮುಚ್ಚಿದ ಕಾಲುವೆ. ಅಕ್ಕ ಮೂವತ್ತೊಂದು ಗುಂಡಿಗಳನ್ನೂ ನಿಲ್ದಾಣದ ಹೆಸರು ಕೂಗುವ ಧಾಟಿಯಲ್ಲೇ ಕೂಗಿದಳು. ಹತ್ತನೆಯದರ ಹೊತ್ತಿಗೆ ಅವಳು ಕೈ ತೆಗೆದಿದ್ದಳು. ಬೆಣ್ಣೆ ಒಬ್ಬನೇ ನೇರ ಹಿಡಿದಿದ್ದ, ಹಣೆಯಿಂದ ಬೆವರಿಳಿಯುತ್ತಿತ್ತು. ಪ್ರತಿ ಧಡಕ್ಕಿಗೂ ಅವನ ಮುಖ ಹಲ್ಲು ಕೀಳಿಸಿಕೊಳ್ಳುವವನ ಮುಖದಂತೆ ಕಿವುಚಿಕೊಳ್ಳುತ್ತಿತ್ತು.

6.1. ಆಮೇಲೆ 5.7. ಆಮೇಲೆ 6.4.

"ಮೂರೂ ಬೇರೆ ಬೇರೆ ಬಂತಲ್ಲ ಮೇಡಂ," ಎಂದ ಬೆಣ್ಣೆ ಅಪರಾಧಿಯ ಧ್ವನಿಯಲ್ಲಿ.

"ಎಲ್ಲರ ಹಾಗೆ," ಎಂದರು ಡಾಕ್ಟರಮ್ಮ.

ಅವತ್ತೇ ಅವರು ತಮ್ಮ ವರದಿಯ ವಿರುದ್ಧ ತಾವೇ ಆಕ್ಷೇಪಣೆ ಬರೆದರು. ಶುಕ್ರವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡ ಗುಮಾಸ್ತ ಅರ್ಜಿದಾರರ ಹೆಸರನ್ನೂ ಎದುರುದಾರರ ಹೆಸರನ್ನೂ ಎರಡು ಸಲ ಓದಿ, ಏನೋ ಸಂಸಾರದ ವಿಷಯವಿರಬೇಕೆಂದು ಮುದ್ರೆ ಒತ್ತಿದ. ಆಸ್ಪತ್ರೆ ರಸ್ತೆ ಪಟ್ಟಿಗೆ ಸೇರಿತು. ಉಳಿದದ್ದು ಬೆಣ್ಣೆ ಅಳೆದ ಇನ್ನೂ ನಲವತ್ತೊಂದು ರಸ್ತೆ.

"ಅವನ್ನೂ ಮತ್ತೆ ಅಳೀಬೇಕು," ಎಂದರು ಡಾಕ್ಟರಮ್ಮ. "ಸೋಮವಾರದಿಂದ."

ಬೆಣ್ಣೆ ವ್ಯಾನಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಬೇರೆಯವರನ್ನ ಹಾಕಿ ಮೇಡಂ. ಅಕ್ಕ ಪಕ್ಕದಲ್ಲಿದ್ರೆ ನೇರ ಹೋಗ್ತೀನಿ. ಇಲ್ದಿದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ."

ಅವರು ಬೇಡವೆನ್ನುತ್ತಾರೆಂದು ಅವನ ಮನಸ್ಸಿನ ಒಂದು ಮೂಲೆ ಕಾದಿತ್ತು. ಅವರು ಅನ್ನಲಿಲ್ಲ. "ಯಾರನ್ನ ಹಾಕೋಣ, ನೀವೇ ಹೇಳಿ" ಎಂದರು.

ಅವನು ಜಲ್ಲಿ ಲಾರಿಯ ಚಾಲಕನ ಹೆಸರು ಹೇಳಿದ. ಆ ಮನುಷ್ಯ ಹನ್ನೆರಡು ವರ್ಷದಲ್ಲಿ ಒಂದು ಗುಂಡಿಯನ್ನೂ ತಪ್ಪಿಸಿದವನಲ್ಲ; ಅವನ ಪಕ್ಕ ಒಮ್ಮೆ ಕೂತವರು ಎರಡನೇ ಸಲ ಕೂರುತ್ತಿರಲಿಲ್ಲ. ಕೇಂದ್ರದ ಚರಿತ್ರೆಯಲ್ಲಿ ಮೊದಲ ಬಾರಿಗೆ ಒರಟಾಗಿ ಓಡಿಸುವುದು ಒಂದು ಅರ್ಹತೆಯೆಂದು ಕಡತದಲ್ಲಿ ದಾಖಲಾಯಿತು. ಬೆಣ್ಣೆಗೆ ನಿರ್ದೇಶಕರ ಕಾರು ಬಂತು. ಊರವರೆಲ್ಲ ಅದನ್ನು ಬಡ್ತಿ ಎಂದರು. ಅವನು ಮಾತ್ರ ಬೆಳಗಿನ ಆರು ಗಂಟೆಗೆ ಎಚ್ಚರವಾಗಿ, ಹೋಗಲು ಎಲ್ಲೂ ಇಲ್ಲದೆ, ಒಂದಷ್ಟು ದಿನ ಹಾಲು ತರುವ ಕೆಲಸ ಮಾಡಿದ.

ಎರಡು ತಿಂಗಳ ಮೇಲೆ ಆಸ್ಪತ್ರೆ ರಸ್ತೆಯನ್ನು ಅಗೆದರು. ಬಸ್ಸುಗಳನ್ನು ಹಿಂದಿನ ಬೀದಿಗೆ ತಿರುಗಿಸಿದರು. ಸಂಜೆ ಅಕ್ಕ ಕೆಳಗಿಳಿದು ಬಂದವಳೇ ಕುರ್ಚಿಯಲ್ಲಿ ಕುಕ್ಕರಿಸಿದಳು.

"ಇಪ್ಪತ್ತು ನಿಮಿಷ ಸುತ್ತು, ಒಂದೊಂದು ಟ್ರಿಪ್ಪಿಗೆ! ಜನ ನನ್ನ ಮೇಲೆ ಹರಿಹಾಯ್ತಾರೆ. ಎಷ್ಟು ದಿನ ಅಂತೆ ಇದು?"

"ಆರು ವಾರ."

"ಆರು ವಾರ! ಎಲ್ಲ ನಿನ್ನಿಂದ." ಅವಳು ಕಾಲು ಚಾಚಿ, ತಲೆಯನ್ನು ಗೋಡೆಗೆ ಆನಿಸಿದಳು. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಆ ಲಾರಿಯವನು ಹೇಗೆ ಓಡಿಸ್ತಾನಂತೆ ನಿನ್ನ ಗಾಡೀನ?"

"ತುಂಬ ಕೆಟ್ಟದಾಗಿ," ಎಂದ ಬೆಣ್ಣೆ. "ಮೇಡಂಗೆ ಬಹಳ ಸಂತೋಷ."