ಗುಡ್ಡವ್ವ ಅರ್ಧ ಹೇಳಿದ ದಾರಿ

ಕಾಲು ಚಾಚಲಿಲ್ಲ. ಶಿದ್ರಾಮ ತಾಯಿಯ ಎಡಮೊಣಕಾಲಿನ ಮೇಲೆ ಎರಡೂ ಕೈಯೂರಿ ಒತ್ತಿದ. ಮಡಚಿಕೊಂಡಿದ್ದ ಸಣಕಲು ಕಾಲು ಒಂದಿಷ್ಟು ಸರಿದು, ಕೈ ತೆಗೆದ ಕೂಡಲೇ ಮತ್ತೆ ತನ್ನ ಜಾಗಕ್ಕೆ ಬಂತು.

“ಬಿಡ್ರಿ,” ಎಂದಳು ಅವನ ಹೆಂಡತಿ ಕೆಂಪವ್ವ. “ಜೀವ ಇದ್ದಾಗ ಚಾಚಲಿಲ್ಲ, ಈಗ ಚಾಚತೈತೇನು?”

“ಚಟ್ಟದ ಮ್ಯಾಲೆ ಹೆಂಗ ಮಲಗಸೂದು?”

“ಹಂಗ ಮಲಗಸ್ರಿ. ಆಕಿ ದಿನಾ ಹಂಗ ಮಲಗತಿದ್ಲು.”

ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದ ಸೋಮಪ್ಪ, ಸತ್ತವಳ ತಮ್ಮ, “ಲಗೂ ಮಾಡ್ರಿ, ಬಿಸಲೇರಾಕತ್ತೈತಿ” ಎಂದು ಕೂಗಿದ.

ಗುಡ್ಡವ್ವ ನಸುಕಿನಲ್ಲಿ ಸತ್ತಿದ್ದಳು. ಗೋಕಾಕ ರೋಡ್ ಸ್ಟೇಷನ್ನಿನ ಬಾಗಿಲಲ್ಲಿ ಚುರಮುರಿ ಮಾರುತ್ತಿದ್ದ ಮುದುಕಿ. ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಅಂಗಳಕ್ಕೆ ಬಂದವರನ್ನು ನೋಡಿ ಕೆಂಪವ್ವನಿಗೆ ಇರಿಸುಮುರಿಸಾಯಿತು. ಬಗಲಗೋಲಿನವರು, ಮಕ್ಕಳ ಹೆಗಲು ಹಿಡಿದ ಕುರುಡರು, ಗಿರಣಿಯಲ್ಲಿ ಬಲಗೈ ಬೆರಳು ಕಳೆದುಕೊಂಡ ಪರಸಪ್ಪ. ಬಳಗದವರಿಗಿಂತ ಇವರೇ ಹೆಚ್ಚು. ಓಣಿಯವರು ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು, ಜಾತ್ರೆಗೆ ಬಂದವರನ್ನು ನೋಡಿದಂತೆ.

*

ಮದುವೆಯಾದ ಹೊಸದರಲ್ಲಿ ಕೆಂಪವ್ವ ಅತ್ತೆಗೆ ಬುತ್ತಿ ಒಯ್ಯಬೇಕಿತ್ತು. ಸ್ಟೇಷನ್ನಿಗೆ ಹೋಗಲು ಅವಳಿಗೆ ನಾಚಿಕೆ. ಊರ ಮಂದಿ ಕುಂಟರನ್ನು ಕಂಡರೆ ಮುಖ ತಿರುಗಿಸುತ್ತಾರೆ, ಇಲ್ಲವೇ ಪಾಪ ಎನ್ನುತ್ತಾರೆ. ಗುಡ್ಡವ್ವ ಎರಡನ್ನೂ ಮಾಡುತ್ತಿರಲಿಲ್ಲ. ಗಾಡಿಯಿಂದ ಇಳಿದ ಯಾರದಾದರೂ ನಡಿಗೆ ಡೊಂಕಾಗಿದ್ದರೆ ಸಾಕು, ಬುಟ್ಟಿಯ ಹಿಂದಿನಿಂದಲೇ ಕೂಗುತ್ತಿದ್ದಳು: “ಹುಟ್ಟಿದಾಗಿಂದ ಹಂಗೈತೋ, ಬಿದ್ದು ಆಗಿದ್ದೋ? ಎಲ್ಲಿ ತೋರಿಸಿದಿ? ಏನಂದ್ರು?”

ಕೆಲವರು ಬೈದು ಹೋಗುತ್ತಿದ್ದರು. ಕೆಲವರು ನಿಂತು ಹೇಳುತ್ತಿದ್ದರು. ಹೇಳಿದವರಿಗೆ ಒಂದು ಹಿಡಿ ಚುರಮುರಿ ಹೆಚ್ಚು.

ಒಮ್ಮೆ ಕೋಟು ತೊಟ್ಟ ದೊಡ್ಡ ಮನುಷ್ಯರೊಬ್ಬರು ಗಾಡಿಯ ಬಾಗಿಲಲ್ಲಿ ಗಾಳಿಗೆ ನಿಂತಿದ್ದರು. ಒಂದು ಕಾಲು ಕಟ್ಟಿಗೆಯದು.

“ಸಾಹೇಬರ, ಆ ಕಾಲು ಯಾರು ಮಾಡಿಕೊಟ್ರು?”

ಅವರ ಮುಖ ಕೆಂಪಾಯಿತು. “ಮರ್ಯಾದಿ ಐತೇನು ನಿನಗ?”

“ಮರ್ಯಾದಿ ಇದ್ದವ್ರು ಕೇಳೂದಿಲ್ರಿ. ಅದಕ್ಕ ನಾ ಕೇಳಾಕತ್ತೇನಿ. ಕೌಜಲಗ್ಯಾಗ ಒಬ್ಬ ಹುಡುಗ ತೆವಳಾಕತ್ತಾನ.”

ಸಾಹೇಬರು ಬೇರೆ ಕಡೆ ನೋಡಿದರು. ಕೆಂಪವ್ವ ಬುತ್ತಿಯ ಗಂಟನ್ನು ಸೆರಗಿನಲ್ಲಿ ಮುಚ್ಚಿ, ಈಕೆ ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಬೇವಿನ ಗಿಡದ ಕಡೆ ಸರಿದಳು. ಗಂಟೆ ಹೊಡೆಯಿತು. ಗಾಡಿ ನಾಲ್ಕು ಮಾರು ಸರಿದ ಮೇಲೆ ಸಾಹೇಬರು ಹೊರಗೆ ಬಾಗಿ, “ಪುಣೇದಾಗ! ಲಷ್ಕರದ ದವಾಖಾನಿ ಹಿಂದ, ಒಬ್ಬ ಬಡಿಗ್ಯಾ...” ಎಂದು ಕೂಗಿದರು. ಉಳಿದದ್ದನ್ನು ಇಂಜಿನ್ನು ನುಂಗಿತು.

“ಬಡಿಗ್ಯಾನ ಹೆಸರು ಕೇಳಸಲಿಲ್ಲಲ್ಲ,” ಎಂದಳು ಕೆಂಪವ್ವ ಕೊಂಕಾಗಿ.

“ಇನ್ನೊಂದು ಗಾಡಿ ಬರತೈತಿ ಬಿಡ. ಅದರಾಗ ಇನ್ನೊಬ್ಬಾಂವ ಇರತಾನ.”

*

ಒಳಗೆ ಚಟ್ಟಕ್ಕೇರಿಸಿದ ಹೆಣದ ಸುತ್ತ ಹೆಂಗಸರು ಕೂತು ಹಾಡಿಕೊಂಡು ಅಳತೊಡಗಿದ್ದರು. ಸತ್ತವಳು ತನಗೇನು ಮಾಡಿದಳೆಂದು ಒಬ್ಬೊಬ್ಬಳೂ ಎಣಿಸಿ ರಾಗ ಎಳೆಯಬೇಕು. ಕೊನೆಗೆ ಉಳಿದವರು “ನನ್ನವ್ವಾ” ಎಂದು ದನಿಗೂಡಿಸಬೇಕು. ಆಗ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಸೊಂಟದ ಮೇಲೆ ಹೆಣ್ಣುಮಗು. ಮಗುವಿನ ಬಲಪಾದ ಒಳಕ್ಕೆ ತಿರುಚಿಕೊಂಡು ಅಂಗಾಲು ಮೇಲೆ ನೋಡುತ್ತಿತ್ತು.

ಕೆಂಪವ್ವ ಗುರುತು ಹಿಡಿದಳು. ಮಸಗುಪ್ಪಿಯ ಕಾಡವ್ವ. ಹಿಂದಿನ ವಾರ ಬಂದಾಗ ಗುಡ್ಡವ್ವ ಹೇಳಿದ್ದಳು: “ಎಲುಬು ಬಲಿಯೂದರೊಳಗ ಮಿರಜಿನ ಮಿಶನ್ ದವಾಖಾನಿಗೆ ಒಯ್ಯಿ, ನೆಟ್ಟಗ ಮಾಡ್ತಾರ. ಸೋಮವಾರ ಬಾ. ಗಾಡಿ ಹತ್ತಸ್ತೇನಿ, ಮುಂದಿಂದು ಎಲ್ಲಾ ಹೇಳ್ತೇನಿ.”

ಇವತ್ತು ಸೋಮವಾರ.

“ಬಾ ತಂಗಿ, ಕೂಡು,” ಎಂದು ಯಾರೋ ಕಾಡವ್ವನನ್ನು ಎಳೆದು ಕೂಡಿಸಿದರು. ಹೆಣದ ಮುಂದೆ ಸ್ವಂತದ ಮಾತು ಎತ್ತುವಂತಿಲ್ಲ. ಅವಳು ಮಗುವನ್ನು ಮಡಿಲಿಗೆ ಸರಿಸಿಕೊಂಡಳು. ಸರದಿ ಬಂದಾಗ ಸೆರಗು ಬಾಯಿಗಿಟ್ಟು ರಾಗ ತೆಗೆದಳು.

“ಸೋಮವಾರ ಬಾ ಅಂದಿದ್ದಿ, ಬಂದೇನಿ ನನ್ನವ್ವಾ... ಮಾವ ಒಂದ ಸಲ ಬಿಟ್ಟಾನ, ತಿರುಗಿ ಹೋದ್ರ ಮತ್ತ ಬಿಡೂದಿಲ್ಲ ನನ್ನವ್ವಾ... ಮಿರಜ್ಯಾಗ ಇಳದು ಎತ್ತಾಗ ಹೋಗಲಿ, ಯಾರನ್ನ ಕೇಳಲಿ ನನ್ನವ್ವಾ... ಕೂಸಿನ ಕಾಲು ಕೊಯ್ತಾರೋ ಉಳಸ್ತಾರೋ, ಹೇಳದ ಹೋದೆಲ್ಲ ನನ್ನವ್ವಾ...”

ದನಿಗೂಡಿಸಬೇಕಾದವರು ತಡವರಿಸಿದರು. ಹೆಣದ ತಲೆಯ ಕಡೆ ಕೂತಿದ್ದ ಧುಪದಾಳದ ಪದ್ಮವ್ವ ಕಣ್ಣೊರೆಸಿಕೊಂಡು ಕಾಡವ್ವನ ಮುಖ ನೋಡಿದಳು. ಮಗುವಿನ ಪಾದ ನೋಡಿದಳು. ಆಮೇಲೆ ಅದೇ ರಾಗ ಹಿಡಿದಳು.

“ಕೊಯ್ಯೂದಿಲ್ಲ ಅಂತ ನನಗ ಹೇಳಿದ್ದಿ ನನ್ನವ್ವಾ... ನನ್ನ ಮಗಗ ಬಿಳಿ ಗಾರಿ ಕಟ್ಟು ಕಟ್ಟಿದ್ರು ನನ್ನವ್ವಾ... ಸ್ಟೇಷನ್ನಿನಿಂದ ಟಾಂಗಾ ಮಾಡಬ್ಯಾಡ, ಮಿಶನ್ ಗಂಟಿ ಕೇಳಿದ ಕಡೆ ನಡಿ ಅಂದಿದ್ದಿ ನನ್ನವ್ವಾ...”

“ಉಳಿಯೂದೆಲ್ಲಿ ನನ್ನವ್ವಾ...” ಎಂದು ಕಾಡವ್ವ ಅತ್ತಳು.

“ಬಸದಿ ಬಾಜೂ ಧರ್ಮಶಾಲಾ ನನ್ನವ್ವಾ... ಹಿತ್ತಲದಾಗ ಒಲಿ ಹಚ್ಚಿದ್ರ ಯಾರೂ ಏನೂ ಅನ್ನೂದಿಲ್ಲ ನನ್ನವ್ವಾ...”

ಹೊರಗಿನಿಂದ ಪರಸಪ್ಪ ಬಾಗಿಲೊಳಗೆ ತಲೆ ತೂರಿಸಿದ. ಗಂಡಸರು ಹಾಡಿಕೊಂಡು ಅಳುವ ಪದ್ಧತಿಯಿಲ್ಲ, ಅವನು ನೇರವಾಗಿಯೇ ಹೇಳಿದ: “ಧರ್ಮಶಾಲಾ ಆಮ್ಯಾಲೆ. ಮೊದಲು ದಾದಾಸಾಹೇಬನ್ನ ಹಿಡಿ. ಗಾಯಾ ಕಟ್ಟಾಂವ, ಕೌಜಲಗಿಯಾಂವ. ಅಲ್ಲಿ ಎಲ್ಲಾರೂ ಮರಾಠಿ ಆಡ್ತಾರ, ಆಂವಗಷ್ಟ ಕನ್ನಡ ಬರತೈತಿ.”

“ಆಂವ ಬಿಟ್ಟು ವರ್ಷಾತು,” ಎಂದಿತು ಒಂದು ಬಗಲಗೋಲು.

“ಸುಳ್ಳು! ದೀಪಾವಳಿಗೆ ನಾನಽ ಮಾತಾಡೇನಿ!”

“ಕಟ್ಟು ಬಿಚ್ಚಿದ ಮ್ಯಾಲೆ ಹುಕ್ಕೇರಿಗೆ ಹೋಗಬೇಕು ತಂಗಿ,” ಎಂದಳು ಇನ್ನೊಬ್ಬಳು, ರಾಗ ಮರೆತು. “ಮೋಚಿ ಸತ್ಯಪ್ಪನ ಕಡೆ ಕಾಲಿಗೆ ಜೋಡು ಹೊಲಿಸು. ಅದನ್ನ ಹಾಕದಿದ್ರ ಕಾಲು ಮತ್ತ ತಿರಗತೈತಿ. ನಮ್ಮದು ಹಂಗಽ ಆತು.”

ಸೋಮಪ್ಪ ಸಿಟ್ಟಿನಿಂದ ಒಳಗೆ ಬಂದ. “ಇದೇನು ಹೆಣದ ಮನಿಯೋ, ಸಂತಿಯೋ? ಏಳ್ರಿ, ಎತ್ತೂಣು.”

ನಾಲ್ವರು ಚಟ್ಟಕ್ಕೆ ಕೈ ಹಚ್ಚಿದರು. ಕಾಡವ್ವ ಮಗುವನ್ನು ಅವುಚಿಕೊಂಡು ಎಲ್ಲರ ಬಾಯಿಯನ್ನೂ ನೋಡುತ್ತಿದ್ದಳು. ಕೆಂಪವ್ವನಿಗೆ ಏನಾಯಿತೋ, ಎದ್ದು ಹೊಸ್ತಿಲಿಗೆ ಅಡ್ಡ ನಿಂತಳು.

“ತಡೀರಿ ಮಾಮಾ. ಇನ್ನೂ ಮುಗಿದಿಲ್ಲ.”

“ಏನು ಮುಗಿದಿಲ್ಲ?”

“ಅಳೂದು.” ಅವಳು ಹೆಂಗಸರ ಕಡೆ ತಿರುಗಿದಳು. “ಪದ್ಮಕ್ಕಾ, ಮೊದಲಿಂದ ಹೇಳು. ಒಬ್ಬೊಬ್ಬರ ಹೇಳ್ರಿ. ಈಕಿ ತಿರುಗಿ ಹೇಳ್ಲಿ.”

ಸೋಮಪ್ಪ ಶಿದ್ರಾಮನ ಮುಖ ನೋಡಿದ. ಶಿದ್ರಾಮ ನೆಲ ನೋಡಿದ. ಕೈ ಹಚ್ಚಿದವರು ಚಟ್ಟ ಬಿಟ್ಟು ಕುಕ್ಕರಗಾಲಿನಲ್ಲಿ ಕೂತರು, ಒಬ್ಬ ತಂಬಾಕು ತೆಗೆದ.

ಎಲ್ಲ ಹೇಳಿ ಮುಗಿದ ಮೇಲೆ ಸೋಮಪ್ಪ ಕೊನೆಯದೊಂದು ತಕರಾರು ಎತ್ತಿದ. “ಸೂತಕದ ಮನಿಯಿಂದ ಎದ್ದು ಕೂಸಿನ ಕೆಲಸಕ್ಕ ಹೋಗಬಾರದವ್ವಾ. ಊರಿಗೆ ಹೋಗಿ ಮೈಲಿಗಿ ಕಳಕೊಂಡು, ಆಮ್ಯಾಲೆ...”

ಕೆಂಪವ್ವ ಕೊಡ ಎತ್ತಿಕೊಂಡಳು. ಬಾವಿಯಿಂದ ಹೊಸ ನೀರು ಸೇದಿ ತಂದಳು. ಅಂಗಳದ ಮೂಲೆಯಲ್ಲಿ ಕಾಡವ್ವನ ತಲೆಯ ಮೇಲೆ ಸೀರೆ ಸಮೇತ ಸುರಿದಳು, ಮಗುವಿನ ಮೇಲೂ ಸುರಿದಳು. ಮಗು ಕಿರುಚಿತು.

“ಮೈಲಿಗಿ ಹೋತು. ಗಾಡಿ ಹೊತ್ತಾತು, ಓಡು,” ಎಂದಳು. ಬಂಡಿ ಹೊಡೆದುಕೊಂಡು ಬಂದಿದ್ದ ಕಾಡವ್ವನ ತಮ್ಮ ಉದ್ದಪ್ಪ ಮಗುವನ್ನು ಎತ್ತಿಕೊಂಡು ಮುಂದೆ ಓಡಿದ.

*

ಸುಡುಗಾಡು ರೈಲು ಹಳಿಯ ಆಚೆಗಿತ್ತು. ಹೆಣ ಗೇಟಿಗೆ ಬರುವ ಹೊತ್ತಿಗೆ ಗೇಟು ಬಿದ್ದಿತ್ತು. ನಡುದಾರಿಯಲ್ಲಿ ಚಟ್ಟ ಇಳಿಸುವಂತಿಲ್ಲ. ಹೊತ್ತವರು ಹೆಗಲು ಬದಲಿಸಿಕೊಂಡು ಬಿಸಿಲಲ್ಲಿ ನಿಂತರು. ಸೋಮಪ್ಪ ಗೇಟಿನವನಿಗೆ ಬೈದ. ಗೇಟಿನವನು ಕೈ ಮುಗಿದ, ಆದರೆ ಗೇಟು ಎತ್ತಲಿಲ್ಲ.

“ಇಷ್ಟ ವರ್ಷ ಗಾಡಿ ದಾರಿ ಕಾಯ್ದಾಕಿ,” ಎಂದ ಪರಸಪ್ಪ, “ಇದೊಂದು ನೋಡಿ ಹೋಗ್ಲಿ ಬಿಡ್ರಿ.”

ಯಾರೋ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು. ಹಿಂದೆ ನಡೆದು ಬಂದಿದ್ದ ಕೆಂಪವ್ವ ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ಗೇಟಿನ ಬಳಿಗೆ ಬಂದಳು.

ಮಿರಜಿನ ಗಾಡಿ ಆಗಷ್ಟೇ ಸ್ಟೇಷನ್ ಬಿಟ್ಟು ನಿಧಾನಕ್ಕೆ ಬಂತು. ಮೂರನೆಯ ದರ್ಜೆಯ ಡಬ್ಬಿಯ ಕಿಟಕಿಯಲ್ಲಿ ಕಾಡವ್ವ ಕೂತಿದ್ದಳು. ಕೂದಲು ಇನ್ನೂ ತೊಯ್ದಿತ್ತು. ಹೆಣವನ್ನಾಗಲಿ, ಗೇಟಿನಲ್ಲಿ ನಿಂತ ಮಂದಿಯನ್ನಾಗಲಿ ಅವಳು ನೋಡಲಿಲ್ಲ. ಒಂದೊಂದೇ ಬೆರಳು ಮಡಚುತ್ತಿದ್ದಳು. ತುಟಿ ಆಡುತ್ತಿತ್ತು. ಸತ್ತವರ ಮುಂದೆ ಹಾಡಿಕೊಂಡು ಅಳುವಾಗ ಹೆಂಗಸರ ತಲೆ ಹೇಗೆ ತೂಗುತ್ತದೋ ಹಾಗೆಯೇ ಅವಳ ತಲೆ ಅತ್ತಿಂದಿತ್ತ ತೂಗುತ್ತಿತ್ತು. ಮಡಿಲಲ್ಲಿ ಕೂತ ಮಗು ಆಟವೆಂದು ತಿಳಿದು ತಾನೂ ತಲೆ ತೂಗುತ್ತಿತ್ತು.