ತಿದ್ದಬಾರದಿದ್ದ ಹತ್ತು ವಾಕ್ಯ

"ಇದರಲ್ಲಿ ತಪ್ಪೆಲ್ಲಿದೆ, ಹುಡುಕಿ ನೋಡೋಣ," ಎಂದು ಪ್ರೆಸ್ಸಿನ ಯಜಮಾನರು ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು.

ಕರಡು ತಿದ್ದುವ ದೊಡ್ಡಪ್ಪ ಬಗ್ಗಿ ನೋಡಿದರು. ಅಲ್ಲಿ ಯಾರಿಗೂ ಅವರು ದೊಡ್ಡಪ್ಪನಲ್ಲ. ಮೂವತ್ತು ವರ್ಷದ ಹಳಬರಾದ್ದರಿಂದ ಎಲ್ಲರಿಗೂ ದೊಡ್ಡಪ್ಪ. ಅದು ಶಾಲೆ ಮಕ್ಕಳ ಇಂಗ್ಲಿಷ್ ವ್ಯಾಕರಣ. ಎಡಪುಟದ ಅಡಿಯಲ್ಲಿ, ಮುಂದಿನ ವಾಕ್ಯಗಳ ಜೋಡಣೆ ತಪ್ಪಾಗಿದೆ, ಸರಿಪಡಿಸಿ ಎಂದಿತ್ತು. ಬಲಪುಟದಲ್ಲಿ ಹತ್ತು ವಾಕ್ಯ. ಎರಡು ಮಾತನ್ನು ಬರೀ ಅಲ್ಪವಿರಾಮದಿಂದ ಅಂಟಿಸಿ, ಇಲ್ಲವೇ ಏನೂ ಇಲ್ಲದೆ ಒಂದಕ್ಕೊಂದು ಗುದ್ದುವಂತೆ ಬಿಟ್ಟು, ಮಕ್ಕಳು ಕಂಡುಹಿಡಿಯಲೆಂದು ಪುಸ್ತಕ ಬರೆದ ಮೇಷ್ಟ್ರು ಬೇಕೆಂದೇ ಕೆಡಿಸಿ ಬರೆದಿದ್ದರು. ಅಚ್ಚಿನಲ್ಲಿ ಹತ್ತೂ ಒಂದು ತಪ್ಪಿಲ್ಲದೆ ಮುತ್ತು ಪೋಣಿಸಿದ ಹಾಗಿದ್ದವು.

ಎರಡು ಸಾವಿರ ಪ್ರತಿ. ಇದನ್ನು ತಿದ್ದಿದವರು ನಾಳೆಯಿಂದ ಬರುವುದು ಬೇಡ ಎಂದರು ಯಜಮಾನರು. ಹಾಗೆನ್ನುವಾಗ ಅವರ ಕಣ್ಣು ಪಕ್ಕದ ಹುಡುಗಿಯ ಮೇಲಿತ್ತು. ಕರಡು ತಿದ್ದುವಾಗ ಪಕ್ಕದಲ್ಲಿ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ. ಸೇರಿ ಎರಡೇ ತಿಂಗಳು. ಯಾರ ಕೈಬರಹ ಎಂದು ನೋಡೋಣವೆಂದರೆ ತಿದ್ದಿದ ಹಾಳೆಗಳು ಎಂದೋ ರದ್ದಿಗೆ ಹೋಗಿದ್ದವು.

ದೊಡ್ಡಪ್ಪನಿಗೆ ಅದನ್ನು ತಿದ್ದಿದ ದಿನ ನೆನಪಿತ್ತು. ಸೂಚನೆ ಇದ್ದ ಹಾಳೆ ಊಟಕ್ಕೆ ಮೊದಲು ಮುಗಿದಿತ್ತು, ವಾಕ್ಯಗಳ ಹಾಳೆ ಊಟ ಮಾಡಿ ಬಂದ ಮೇಲೆ. ಅಷ್ಟರಲ್ಲಿ ಸೂಚನೆ ಮರೆತುಹೋಗಿತ್ತು. ಅವಳು ಓದುತ್ತ ಹೋದಳು, ಇವರ ಕೈ ತನ್ನ ಪಾಡಿಗೆ ತಾನು ತಿದ್ದುತ್ತ ಹೋಯಿತು. ನಡುವೆ ಅವಳು ಏನೋ ಹೇಳಲು ಬಾಯಿ ತೆರೆದಾಗ, ನೀನು ಓದಮ್ಮ, ತಿದ್ದೋಕೆ ನಾನಿದ್ದೀನಿ ಅಂದವರು ಇವರೇ.

ಈಗ ಸುಮ್ಮನಿದ್ದರೂ ನಡೆಯುತ್ತಿತ್ತು, ತಪ್ಪು ಅವಳ ತಲೆಗೆ ಹೋಗುತ್ತಿತ್ತು. ದೊಡ್ಡಪ್ಪನಿಗೆ ಈ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಪ್ರೆಸ್ಸು ಬಿಟ್ಟು ಮನೆಯಲ್ಲಿ ಕೂತರೆ ನನ್ನನ್ನೇ ತಿದ್ದೋಕೆ ಶುರುಮಾಡ್ತೀರಿ ಎಂದು ಹೆಂಡತಿ ಆಗಲೇ ಹಾಸ್ಯ ಮಾಡುತ್ತಿದ್ದಳು.

"ತಿದ್ದಿದ್ದು ನನ್ನ ಕೈ ಸ್ವಾಮಿ," ಎಂದರು ದೊಡ್ಡಪ್ಪ. "ಈ ಮಗು ಹೇಳೋಕೆ ಬಂದ್ಲು. ನಾನೇ ಬಾಯಿ ಮುಚ್ಚಿಸ್ದೆ."

ಯಜಮಾನರು ಪುಸ್ತಕ ಮುಚ್ಚಿದರು. ಆಡಿದ ಮಾತು ಹಿಂತೆಗೆದುಕೊಳ್ಳುವ ಜಾಯಮಾನ ಅವರದಲ್ಲ. ಸಂಜೆಯೊಳಗೆ ಹತ್ತೂ ವಾಕ್ಯಗಳನ್ನು ಮೇಷ್ಟ್ರು ಬರೆದಂತೆಯೇ ಚೀಟಿಯಲ್ಲಿ ಅಚ್ಚುಹಾಕಿ ಪ್ರತಿ ಪುಸ್ತಕಕ್ಕೂ ಅಂಟಿಸಬೇಕು, ಅದೊಂದು ಮುಗಿಸಿಕೊಟ್ಟು ಹೋಗಿ ಎಂದು ಒಳಗೆ ನಡೆದರು.

ಚೀಟಿಯ ಕರಡು ಬಂತು. ಹುಡುಗಿ ಓದಿದಳು. ಮೂರನೇ ವಾಕ್ಯಕ್ಕೆ ಬಂದಾಗ ದೊಡ್ಡಪ್ಪನ ಪೆನ್ನು ಅಲ್ಪವಿರಾಮದ ಮೇಲೆ ಹೋಗಿ ನಿಂತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಅವರು ಪೆನ್ನನ್ನೂ ಕರಡನ್ನೂ ಅವಳ ಕಡೆ ಸರಿಸಿದರು.

"ನೀನು ನೋಡು. ನಾನು ಓದ್ತೀನಿ."

ಮೂಲಪ್ರತಿಯನ್ನು ಕಣ್ಣಿನ ಹತ್ತಿರ ಹಿಡಿದು, ಮೇಷ್ಟ್ರು ಬರೆದಂತೆಯೇ, ನಿಲ್ಲಬೇಕಾದಲ್ಲಿ ನಿಲ್ಲದೆ ಓದಿದರು. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಉಸಿರು ಸಾಲದಾಯಿತು. ಅವಳು ಏನನ್ನೂ ತಿದ್ದದೆ ಮುಂದಿನ ವಾಕ್ಯಕ್ಕೆ ಕಾದಳು.