ಬಣ್ಣದ ಕಿಟಕಿಗೆ ಕದಿರು

ಕುಂದಾಪುರದ ಹಳೆ ಪೇಟೆಯಲ್ಲಿ ಪ್ರೇಮಾನಂದರ ಜವಳಿ ಅಂಗಡಿ ಇರುವ ಕಟ್ಟಡ ಇಂಗ್ಲಿಷರ ಕಾಲದ್ದು. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಬಾಗಿಲು, ಅದರ ನೆತ್ತಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜು, ಎರಡೂ ಬದಿಗೆ ಸರಿಸಮವಾಗಿ ಎತ್ತರದ ಕಿಟಕಿಗಳು. ನಮ್ಮ ಮನೆಗಳ ಕಿಟಕಿಯಂತೆ ಅವು ಹೊರಕ್ಕೆ ತೆರೆಯುವುದಿಲ್ಲ. ಗಾಜಿನ ಕೆಳಭಾಗವನ್ನು ಮೇಲಕ್ಕೆ ಎತ್ತಬೇಕು. ಮಹಡಿಯ ಬಡಗು ತುದಿಯದ್ದು ಮಾತ್ರ ಕಿಟಕಿಯೇ ಅಲ್ಲ. ಎಡಬಲ ಹೊಂದಲೆಂದು ಕಟ್ಟಿದವರು ಅಲ್ಲಿ ಗೋಡೆಗೆ ಚೌಕಟ್ಟು ಕೂರಿಸಿ, ಗಾಜನ್ನೂ ಪಟ್ಟಿಗಳನ್ನೂ ಬಣ್ಣದಲ್ಲಿ ಬರೆದಿದ್ದರು. ಒಳಗಿನಿಂದ ನೋಡಿದರೆ ಬರೀ ಗೋಡೆ.

ಅದನ್ನು ಒಡೆದು ನಿಜವಾದ ಕಿಟಕಿ ಇಡಬೇಕೆಂದು ಪ್ರೇಮಾನಂದರು ನಮ್ಮ ಇಂಜಿನಿಯರ್ ಆಫೀಸಿಗೆ ಬಂದಿದ್ದರು. ಮಗಳು ಪ್ರೇಕ್ಷಾ ಹೆರಿಗೆಗೆ ಬಂದಿದ್ದಳು. ಅಂಗಡಿಯ ಗಲಾಟೆ ಕೇಳದ ಕೋಣೆ ಆ ಗೋಡೆಯ ಹಿಂದಿನದೊಂದೇ, ಆದರೆ ಗಾಳಿ ಬೆಳಕಿಲ್ಲ. ಅಳತೆ ತೆಗೆದು ನಕ್ಷೆ ಮಾಡುವ ಕೆಲಸ ನನಗೆ ಬಂತು. ಸಂಜೆ ತರಗತಿಯಲ್ಲಿ ನಕ್ಷೆ ಕಲಿತವಳು ನಾನು. ಹಳೆ ಗೋಡೆಯನ್ನು ಇಲ್ಲಿ ಒಡೆಯಿರಿ ಎಂದು ಗೆರೆ ಎಳೆಯಬೇಕಾದಾಗ ಎಷ್ಟು ಅಳೆದರೂ ಧೈರ್ಯ ಬರುವುದಿಲ್ಲ.

ನಾನು ಹೋದದ್ದು ಹೊಸ್ತಿನ ಹಬ್ಬದ ಮರುದಿನ. ಹೊಸ ಭತ್ತದ ಕದಿರನ್ನು ಮಾವು, ಹಲಸಿನ ಎಲೆಯೊಂದಿಗೆ ಬಾಗಿಲು, ಕಿಟಕಿ, ಬಾವಿಯ ರಾಟೆಗೆಲ್ಲ ಕಟ್ಟಿದ್ದರು. ಬಣ್ಣದ ಕಿಟಕಿಯ ಹೊರಗೂ ಒಂದು ಕದಿರು ತೂಗುತ್ತಿತ್ತು. ಅದು ಪ್ರೇಕ್ಷಾಳ ಕೆಲಸ. ಎಲ್ಲಕ್ಕೂ ಕಟ್ಟಿ ಅದೊಂದನ್ನೇ ಬಿಟ್ಟದ್ದು ಪಾಪ ಅನಿಸಿ, ಪಕ್ಕದ ಕಿಟಕಿಯಿಂದ ದೋಟಿ ಚಾಚಿ ಮೊಳೆಗೆ ಸಿಕ್ಕಿಸಿದ್ದಳಂತೆ.

ಅವಳ ಅಜ್ಜಿ ಚಂದ್ರಮತಮ್ಮ ಇದನ್ನು ಹೇಳುವಾಗ ನಗಲಿಲ್ಲ. ಆ ಮನೆಯವರು ಯಾವ ಹೊಸ್ತಿಗೂ ಅದಕ್ಕೆ ಕದಿರು ಕಟ್ಟಿದವರಲ್ಲ.

"ಕದಿರ್ ಕಟ್ರೆ ಅದ್ ಮನಿದ್ ಆಯ್ತ್, ಹೆಣೆ. ಬಾಗಿಲಿಗ್ ಕಟ್ರೆ ಬಾಗಿಲ್, ಕಿಟ್ಕಿಗ್ ಕಟ್ರೆ ಕಿಟ್ಕಿ."

ತೆಗೆದುಬಿಡಬಹುದಲ್ಲ ಎಂದೆ. ಮುಂದಿನ ವರ್ಷದ ಕದಿರು ಬರುವವರೆಗೆ ಕಟ್ಟಿದ್ದನ್ನು ಬಿಚ್ಚುವ ಕ್ರಮವಿಲ್ಲ ಎಂದರು.

"ಅಬ್ಬಿಗೆ ಈಗ ಗ್ವಾಡಿ ಕಂಡ್ರೂ ಹೆದ್ರಿಕೆ," ಎಂದು ಪ್ರೇಮಾನಂದರು ತಾಯಿಗೆ ಕೀಟಲೆ ಮಾಡಿ ಅಂಗಡಿಗಿಳಿದರು. ಗೋಡೆ ಒಡೆಯಲು ಮೇಸ್ತ್ರಿಗೆ ಮರುದಿನ ಬೆಳಿಗ್ಗೆಯೇ ಬರಹೇಳಿದ್ದರು.

ನಾನು ರಸ್ತೆಯಿಂದ ಮುಂಭಾಗದ ಫೋಟೊ ತೆಗೆದು, ಮೇಲೆ ಹೋಗಿ ಒಳಗಿನ ಅಳತೆ ಮುಗಿಸಿದೆ. ಬಿಸಿಲಿರುವಾಗಲೇ ಮತ್ತೆ ಇಳಿದು, ಎಲ್ಲ ಸರಿಯಿದೆಯೇ ಎಂದು ತಲೆಯೆತ್ತಿ ನೋಡಿದೆ. ಬಣ್ಣದ ಕಿಟಕಿಯ ಕೆಳಗಿನ ಗಾಜು ಒಂದು ಗೇಣು ಮೇಲೆದ್ದಿತ್ತು. ಎದ್ದಿತ್ತು ಎಂದರೆ, ಹಾಗೆ ಬರೆದಿತ್ತು: ಅಡ್ಡಪಟ್ಟಿಗಳು ಮೇಲೆ ಸರಿದಿದ್ದವು, ಅವುಗಳ ಕೆಳಗೆ ಕಪ್ಪು ಸಂದು. ಬಣ್ಣ ಹಳೆಯದೇ, ಬಿರುಕುಗಳೂ ಹಳೆಯವೇ. ಫೋಟೊದಲ್ಲಿ ಕಿಟಕಿ ಪೂರ್ತಿ ಮುಚ್ಚಿತ್ತು. ನನ್ನ ಕಣ್ಣಿನದೇ ತಪ್ಪಿರಬೇಕೆಂದು ಇನ್ನೊಂದು ಫೋಟೊ ತೆಗೆದೆ. ಅದರಲ್ಲಿ ತೆರೆದಿತ್ತು.

ಹೇಳಿದರೆ ನಗುತ್ತಾರೆ. ಹೇಳದಿದ್ದರೆ ನಾಳೆ ಪ್ರೇಕ್ಷಾ ಮಲಗುವ ಕಡೆ ಹಾರೆ ಬೀಳುತ್ತದೆ, ಆಮೇಲೆ ಆ ತೂತಿನಿಂದ ಏನು ಒಳಗೆ ಬರುತ್ತದೋ, ಅಲ್ಲೇ ಮಗುವೂ ಮಲಗಬೇಕು. ಅಂಗಡಿಗೆ ಹೋಗಿ ಪ್ರೇಮಾನಂದರಿಗೆ ಎರಡೂ ಫೋಟೊ ತೋರಿಸಿದೆ. ಬಿಸಿಲಿನ ಆಟ ಎಂದರು. ಆದರೂ ನನ್ನ ಮುಖ ನೋಡಿ ಮೇಲೆ ಬಂದರು.

ಕೋಣೆಯೊಳಗೆ ಕಾಲಿಟ್ಟವರು ಅಲ್ಲೇ ನಿಂತರು. ಪ್ರೇಕ್ಷಾ ಮಂಚದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಫ್ಯಾನ್ ನಿಂತಿತ್ತು. ಅವಳ ಕೂದಲು ಮಾತ್ರ ಮುಖದ ಮೇಲೆ ಹಾರುತ್ತಿತ್ತು. ನಾನು ಗೋಡೆಯ ಹತ್ತಿರ ಕೈ ಒಡ್ಡಿದೆ. ತಣ್ಣನೆಯ ಗಾಳಿ. ರಸ್ತೆಯ ಗಾಳಿಗೆ ಮೀನಿನ, ಡೀಸೆಲಿನ ವಾಸನೆ ಇರುತ್ತದೆ. ಇದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಪ್ರೇಮಾನಂದರು ಗೋಡೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೋಡಿದರು. ಎಲ್ಲೂ ಸಂದಿಲ್ಲ. ಆಮೇಲೆ ಮೇಸ್ತ್ರಿಗೆ ಫೋನ್ ಮಾಡಿ, ನಾಳೆ ಬರುವುದು ಬೇಡ, ಒಡೆಯುವುದಕ್ಕೇನೂ ಇಲ್ಲ ಎಂದಷ್ಟೇ ಹೇಳಿದರು. ಚಂದ್ರಮತಮ್ಮ ಮೊಮ್ಮಗಳ ದಿಂಬು, ಹೊದಿಕೆ ಎತ್ತಿಕೊಂಡು ಅಂಗಡಿಯ ಗಲಾಟೆ ಕೇಳುವ ಕೋಣೆಗೆ ನಡೆದರು.

ಪ್ರೇಕ್ಷಾ ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲನೆ ಎದ್ದಳು. ಬಾಗಿಲವರೆಗೆ ಹೋಗಿ, ಕಟ್ಟಡದ ವಿಷಯ ಬಲ್ಲವಳು ನಾನೆಂಬಂತೆ ನನ್ನ ಕಡೆ ತಿರುಗಿದಳು.

"ತೆಗ್ದ್ ಆಯ್ತಲ್ದಾ ಅಕ್ಕ, ಇದನ್ನ ಮುಚ್ಚುದ್ ಹ್ಯಾಂಗೆ?"

ಗಾಜನ್ನು ಕೆಳಗೆಳೆಯಲು ಹಿಡಿಯುವ ಜಾಗ ಹುಡುಕುತ್ತ ನಾನು ಗೋಡೆಯ ಮೇಲೆ ಕೈಯಾಡಿಸಿದೆ. ಒಳಬದಿಯಲ್ಲಿ ಅಂಥದ್ದೇನೂ ಇರಲಿಲ್ಲ.